ಹಳೇ ಮನೆ ಕೈಯಾರೆ ಸರಿ ಮಾಡೋದಾದ್ರೆ ಎಲ್ಲಿಂದ ಶುರು ಮಾಡ್ಬೇಕು? ಪೇಂಟ್ ಉದುರೋ ಗೋಡೆಯಿಂದ

ನಿಮ್ಮ ಪ್ರಶ್ನೆ ಪೂರ್ತಿ ಓದ್ದೆ. ಅಪ್ಪ ಅಮ್ಮ ಇರೋ ಹಳೇ ಮನೆ, ಒಂದೇ ಸಲ ಎಲ್ಲಾ ಕಿತ್ತು ರಿನೋವೇಶನ್ ಮಾಡಿಸೋ ಹಾಗಿಲ್ಲ, ರಜಾ ದಿನ ನೀವೂ ನಿಮ್ಮ ತಮ್ಮನೂ ಸೇರಿ ಒಂದೊಂದೇ ಕೆಲಸ ಮುಗಿಸ್ಬೇಕು ಅಂತಿದೀರ, ಹಾಲ್‌ನಲ್ಲಿ ಒಂದು ಗೋಡೆ ಕೆಳಗಡೆ ಪೇಂಟ್ ಉದುರ್ತಿದೆ, ಅದಕ್ಕೆ ಪಿವಿಸಿ ಪ್ಯಾನೆಲ್ ಹೊಡೆದು ಅಲ್ಲಿಂದಲೇ ಶುರು ಮಾಡೋಣ್ವಾ ಅಂತ ಕೇಳಿದೀರ. ಆ ಗೋಡೆಯಿಂದಲೇ ಶುರು ಮಾಡಿ, ಆದ್ರೆ ದಯವಿಟ್ಟು ಅದನ್ನ ಮುಚ್ಬೇಡಿ. ನಮ್ಮನೇಲೂ ಹಳೇ ಗೋಡೆ, ಹಳೇ ಪೈಪು, ಇಂಥ ಕೆಲಸ ಎಲ್ಲಾ ವರ್ಷಗಳಿಂದ ನಾನೇ ಮಾಡ್ಕೊಂಡು ಬಂದಿದೀನಿ, ಹಳೇ ಮನೇಲಿ ಮೊದಲು ನೋಡ್ಬೇಕಾದ್ದು ನೀರು ಎಲ್ಲಿಂದ ಬರ್ತಿದೆ, ಎಲ್ಲಿಗೆ ಹೋಗ್ತಿದೆ ಅನ್ನೋದು. ಬಣ್ಣ, ಲೈಟು, ಶೆಲ್ಫು ಎಲ್ಲಾ ಆಮೇಲೆ. ಪಸೆ ಇರೋ ಗೋಡೆ ಮೇಲೆ ನೀವು ಎಷ್ಟೇ ಒಳ್ಳೇ ಪೇಂಟ್ ಹೊಡೀರಿ ಅದು ನಿಲ್ಲಲ್ಲ, ಪ್ಯಾನೆಲ್ ಹೊಡೆದ್ರೆ ಇನ್ನೂ ಕಷ್ಟ, ಹಿಂದ್ಗಡೆ ಗಾಳಿ ಆಡಲ್ಲ, ಬೂಷ್ಟು ಹಿಡಿಯುತ್ತೆ, ಸ್ಕ್ರೂಗೆ ತುಕ್ಕು ಹಿಡಿಯುತ್ತೆ, ನಿಮಗೆ ಏನೂ ಕಾಣಲ್ಲ ಆದ್ರೆ ಆ ವಾಸನೆ ನಿಮ್ಮ ಅಪ್ಪ ಅಮ್ಮ ದಿನಾ ಕುಡೀತಿರ್ತಾರೆ.

ಮೊದಲು ಆ ಗೋಡೆ ಹತ್ರ ಹೋಗಿ ಕೂತ್ಕೊಂಡು ನೋಡಿ. ಉದುರಿದ ಜಾಗದಲ್ಲಿ ಬಿಳೀ ಪುಡಿ ಹತ್ತಿ ಥರ ಉಬ್ಬಿ ಬಂದಿದ್ಯಾ? ಅದು ಉಪ್ಪು. ನೀರು ಇಟ್ಟಿಗೆ, ಸಿಮೆಂಟ್ ಒಳಗಿನ ಉಪ್ಪನ್ನ ಕರಗಿಸ್ಕೊಂಡು ಮೇಲಕ್ಕೆ ಬರುತ್ತೆ, ಮೇಲೆ ನೀರು ಆರಿ ಹೋಗುತ್ತೆ, ಉಪ್ಪು ಉಳಿಯುತ್ತೆ, ಉಳಿದ ಉಪ್ಪು ಹರಳುಗಟ್ಟಿ ಪೇಂಟನ್ನ ಒಳಗಿಂದ ತಳ್ಳಿ ಉದುರಿಸುತ್ತೆ. ಅದನ್ನ ಒದ್ದೆ ಬಟ್ಟೆ ತಗೊಂಡು ಒರೆಸ್ಬೇಡಿ, ಕರಗಿ ವಾಪಸ್ ಗೋಡೆ ಒಳಗೇ ಹೋಗುತ್ತೆ, ಒಣ ಬ್ರಷ್‌ನಲ್ಲಿ ಉಜ್ಜಿ ಪುಡಿ ಎಲ್ಲಾ ಒಂದು ಪೇಪರ್ ಮೇಲೆ ಹಿಡ್ಕೊಂಡು ಆಚೆ ಹಾಕಿ.

ಆಮೇಲೆ ಒಂದು ಸುಲಭದ ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಶೀಟ್ ತಗೊಂಡು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಗಾಳಿ ಆಡದ ಹಾಗೆ ಅಂಟಿಸಿ ಎರಡು ದಿನ ಬಿಡಿ. ಪೇಂಟ್ ಉದುರಿದ ಜಾಗದಲ್ಲಿ ಟೇಪ್ ಹಿಡಿಯಲ್ಲ, ಸ್ವಲ್ಪ ಪಕ್ಕದಲ್ಲಿ ಗಟ್ಟಿ ಇರೋ ಕಡೆ ಅಂಟಿಸಿ. ಶೀಟ್‌ನ ಗೋಡೆ ಕಡೆ ಮುಖದಲ್ಲಿ ನೀರಿನ ಹನಿ ಕೂತಿದ್ರೆ ಪಸೆ ಗೋಡೆ ಒಳಗಿಂದ ಬರ್ತಿದೆ ಅಂತ. ರೂಮ್ ಕಡೆ ಮುಖದಲ್ಲಿ ಹನಿ ಇದ್ರೆ ಅದು ಗಾಳೀಲಿರೋ ತೇವ, ತಣ್ಣಗಿನ ಗೋಡೆ ಮೇಲೆ ಬೆವರು ಕೂತಿದೆ ಅಷ್ಟೇ, ಅದಕ್ಕೆ ಕಿಟಕಿ ತೆಗೆಯೋದು, ಎಕ್ಸಾಸ್ಟ್ ಫ್ಯಾನ್ ಹಾಕೋದು, ಒಳಗೆ ಬಟ್ಟೆ ಒಣಗಿಸದೇ ಇರೋದು ಇಷ್ಟೇ ಮದ್ದು. ಎರಡಕ್ಕೂ ಒಂದೇ ಡಬ್ಬಿ ವಾಟರ್‌ಪ್ರೂಫಿಂಗ್ ಬಳಿದ್ರೆ ಯಾವುದೂ ವಾಸಿ ಆಗಲ್ಲ.

ಒಳಗಿಂದ ಬರ್ತಿದೆ ಅಂತಾದ್ರೆ ಎಲ್ಲಿಂದ ಅಂತ ಹುಡುಕ್ಬೇಕು, ಇಲ್ಲಿ ಆತುರ ಬೇಡ. ನೆಲದಿಂದ ಒಂದು ಮೂರು ನಾಲ್ಕು ಅಡಿವರೆಗೆ ಉದ್ದಕ್ಕೂ ಪಟ್ಟಿ ಥರ ಇದ್ರೆ ನೆಲದ ತೇವ ಮೇಲಕ್ಕೆ ಏರ್ತಿರ್ಬಹುದು, ಆಗ ಮನೆ ಆಚೆ ಹೋಗಿ ಅದೇ ಗೋಡೆಯ ಬುಡ ನೋಡಿ, ಎಷ್ಟೋ ಸಲ ಹೊರಗಡೆ ಮಣ್ಣೋ ಕಾಂಕ್ರೀಟೋ ಒಳಗಿನ ನೆಲಕ್ಕಿಂತ ಎತ್ತರ ಆಗಿರುತ್ತೆ, ಅಥವಾ ಗೋಡೆಗೆ ಅಂಟಿಸಿ ಹೂಕುಂಡ ಸಾಲಾಗಿ ಇಟ್ಟು ದಿನಾ ನೀರು ಹಾಕ್ತಿರ್ತಾರೆ, ಮಣ್ಣು ತೆಗೆದು ಇಳಿಜಾರು ಗೋಡೆಯಿಂದ ಆಚೆಗೆ ಮಾಡಿದ್ರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ. ಒಂದೇ ಕಡೆ ಮೋಡದ ಥರ ಕಲೆ ಇದ್ದು ಅದರ ಆಚೆ ಬಾತ್‌ರೂಮ್ ಇದ್ರೆ ಪೈಪ್ ಅಥವಾ ಟೈಲ್ಸ್ ಸಂದು ಅನುಮಾನ ಪಡಿ. ಪೈಪಾ ಅಂತ ನೋಡೋಕೆ ರಾತ್ರಿ ಮನೇಲಿ ಎಲ್ಲಾ ನಲ್ಲಿ ನಿಲ್ಲಿಸಿ ಮೀಟರ್ ರೀಡಿಂಗ್ ಬರ್ಕೊಂಡು ಬೆಳಗ್ಗೆ ಯಾರೂ ನೀರು ಮುಟ್ಟೋಕೆ ಮುಂಚೆ ಮತ್ತೆ ನೋಡಿ, ಮುಳ್ಳು ಓಡಿದ್ರೆ ಎಲ್ಲೋ ಸೋರ್ತಿದೆ (ಓವರ್‌ಹೆಡ್ ಟ್ಯಾಂಕ್ ಇದ್ರೆ ಮೀಟರ್‌ಗೆ ಅದು ಗೊತ್ತಾಗಲ್ಲ, ಟ್ಯಾಂಕಿಗೆ ನೀರು ಬರೋದನ್ನ ನಿಲ್ಲಿಸಿ ಒಳಗೆ ನೀರಿನ ಮಟ್ಟಕ್ಕೆ ಗುರುತು ಹಾಕಿ ಅದೇ ಥರ ನೋಡಿ). ಮಳೆ ಬಂದಾಗ ಮಾತ್ರ ಕಲೆ ದೊಡ್ಡದಾಗುತ್ತೆ ಅಂದ್ರೆ ಹೊರಗೋಡೆ ಬಿರುಕು, ಕಿಟಕಿ ಸಜ್ಜಾ ಮೇಲೆ ನಿಂತ ನೀರು, ಟೆರೇಸ್‌ನ ನೀರು ಹೋಗೋ ಪೈಪಿನ ಬಾಯಿ, ಇವು ನೋಡ್ಬೇಕು. ನಿಮ್ಮ ಅಪ್ಪನ್ನ ಕೇಳಿ, ಯಾವ ಗೋಡೇಲಿ ಪೈಪ್ ಹೋಗಿದೆ, ಯಾವ ವರ್ಷ ಏನು ರಿಪೇರಿ ಮಾಡಿಸಿದ್ರು ಅಂತ ಅವರಿಗೆ ಗೊತ್ತಿರೋಷ್ಟು ಯಾವ ಪ್ಲಂಬರ್‌ಗೂ ಗೊತ್ತಿರಲ್ಲ.

ಕಾರಣ ಸಿಕ್ಕಿ ಅದನ್ನ ನಿಲ್ಲಿಸಿದ ಮೇಲೆ ಕಾಯ್ಬೇಕು. ಇದೇ ಎಲ್ಲರೂ ಬಿಟ್ಟುಬಿಡೋ ಹಂತ. ನೆನೆದ ಇಟ್ಟಿಗೆ ಗೋಡೆ ಒಣಗೋಕೆ ದಪ್ಪದಲ್ಲಿ ಇಂಚಿಗೆ ಒಂದು ತಿಂಗಳು ಅನ್ನೋದು ಸಾಮಾನ್ಯ ಲೆಕ್ಕ, ಒಂಬತ್ತಿಂಚಿನ ಗೋಡೆ ಅಂದ್ರೆ ನೀವೇ ಯೋಚ್ನೆ ಮಾಡಿ. ಪೊಳ್ಳಾಗಿರೋ ಪ್ಲಾಸ್ಟರ್ ತಟ್ಟಿ ನೋಡಿದ್ರೆ ಡಬ್ ಡಬ್ ಅನ್ನುತ್ತೆ, ಅದನ್ನ ಕಲೆಗಿಂತ ಒಂದಡಿ ಮೇಲಿನವರೆಗೆ ಕೆತ್ತಿ ತೆಗೆದು ಇಟ್ಟಿಗೆ ಕಾಣೋ ಹಾಗೆ ಬಿಟ್ರೆ ಬೇಗ ಒಣಗುತ್ತೆ, ಉಪ್ಪು ಕೂಡಿರೋ ಹಳೇ ಗಾರೆನೂ ಆಚೆ ಹೋಗುತ್ತೆ. ನೋಡೋಕೆ ಚೆನ್ನಾಗಿರಲ್ಲ ನಿಜ, ಅಮ್ಮಂಗೆ ಮೊದಲೇ ಹೇಳ್ಬಿಡಿ. ಕಾರಣ ಸರಿ ಮಾಡದೆ ಒಳಗಡೆಯಿಂದ ಮಾತ್ರ ವಾಟರ್‌ಪ್ರೂಫ್ ಪ್ಲಾಸ್ಟರ್ ಹಾಕಿದ್ರೆ ನೀರು ಅಲ್ಲಿ ಆಚೆ ಬರೋಕಾಗ್ದೆ ಇನ್ನೂ ಮೇಲಕ್ಕೆ ಏರಿ ಪ್ಲಾಸ್ಟರ್ ಮುಗಿದ ಕಡೆ ಹೊರಗೆ ಬರುತ್ತೆ. ಹೊಸ ಸಿಮೆಂಟ್ ಪ್ಲಾಸ್ಟರ್‌ಗೆ ಒಂದು ವಾರ ನೀರುಣಿಸಿ, ಪೇಂಟ್‌ಗೆ ಮುಂಚೆ ಕನಿಷ್ಠ 28 ದಿನ ಬಿಡಿ. ಸುಣ್ಣದ ಗಾರೆಯ ತೀರಾ ಹಳೇ ಮನೆ ಆಗಿದ್ರೆ ಸಿಮೆಂಟ್ ಹಾಕಲೇಬೇಡಿ, ಸುಣ್ಣದ ಗಾರೆ, ಸುಣ್ಣದ ಬಣ್ಣವೇ ಸರಿ, ಅಂಥ ಗೋಡೆ ಉಸಿರಾಡ್ಬೇಕು.

ಈಗ ಕಾಯೋ ತಿಂಗಳುಗಳಲ್ಲಿ ಏನು ಮಾಡೋದು ಅಂದ್ರೆ, ಅಪ್ಪ ಅಮ್ಮ ದಿನಾ ಮುಟ್ಟೋ ಜಾಗಗಳನ್ನ ಸರಿ ಮಾಡಿ. ನನ್ನ ಕೇಳಿದ್ರೆ ವಯಸ್ಸಾದವರಿರೋ ಮನೇಲಿ ಬಾತ್‌ರೂಮ್ ಹಿಡಿಕೆ ಹಾಲ್‌ನ ಬಣ್ಣಕ್ಕಿಂತ ಎಷ್ಟೋ ಮುಖ್ಯ. ಕಮೋಡ್ ಪಕ್ಕ, ಸ್ನಾನದ ಜಾಗದಲ್ಲಿ ಗೋಡೆಗೆ ಸ್ಟೀಲ್ ಹಿಡಿಕೆ, ಸಾಮಾನ್ಯವಾಗಿ ನೆಲದಿಂದ 33ರಿಂದ 36 ಇಂಚು ಎತ್ತರ, ಆದ್ರೆ ಅವರನ್ನೇ ನಿಲ್ಲಿಸಿ ಕೂರಿಸಿ ಕೈ ಎಲ್ಲಿಗೆ ತಾನಾಗೇ ಹೋಗುತ್ತೆ ನೋಡಿ ಪೆನ್ಸಿಲ್ ಗುರುತು ಹಾಕಿ. ಟವಲ್ ರಾಡ್ ಹಾಕಿ ಇದೇ ಹಿಡಿಕೆ ಅನ್ಬೇಡಿ, ಜಾರಿದ ಮನುಷ್ಯನ ಪೂರ್ತಿ ಭಾರ ಅದು ತಡೆಯಲ್ಲ. ವ್ಯಾಕ್ಯೂಮ್ ಕಪ್ ಅಂಟಿಸೋ ಹಿಡಿಕೆ ಅಂತೂ ಬೇಡ್ವೇ ಬೇಡ, ಅದು ಯಾವಾಗ ಬಿಟ್ಕೊಳುತ್ತೆ ಅಂತ ಹೇಳೋಕಾಗಲ್ಲ.

ಟೈಲ್ಸ್‌ಗೆ ತೂತು ಹಾಕೋದು ಹೀಗೆ. ಗುರುತಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಇಲ್ಲಾಂದ್ರೆ ಬಿಟ್ ಜಾರುತ್ತೆ. ಡ್ರಿಲ್‌ನಲ್ಲಿ ಹ್ಯಾಮರ್ ಮೋಡ್ ಆಫ್ ಇರ್ಲಿ, ಟೈಲ್ ಬಿಟ್ ಹಾಕಿ ನಿಧಾನ ಸ್ಪೀಡಲ್ಲಿ ಟೈಲ್ಸ್ ದಾಟೋವರೆಗೆ ಒತ್ತಡ ಹಾಕದೆ ಕೊರೀರಿ, ಬಿಟ್ ಬಿಸಿ ಆದ್ರೆ ನಿಲ್ಲಿಸಿ ಆರೋಕೆ ಬಿಡಿ. ಟೈಲ್ಸ್ ದಾಟಿ ಕೆಂಪು ಪುಡಿ ಬರೋಕೆ ಶುರುವಾದಾಗ ಗೋಡೆ ಬಿಟ್ ಹಾಕಿ ಹ್ಯಾಮರ್ ಆನ್ ಮಾಡಿ. ಬೂದು ಪುಡಿ ಮಾತ್ರ ಬಂದು ಬಿಟ್ ಸರ್ರನೆ ಒಳಗೆ ಹೋದ್ರೆ ಅಲ್ಲಿ ಇಟ್ಟಿಗೆ ಸಿಕ್ಕಿಲ್ಲ ಅಥವಾ ಪೊಳ್ಳು, ಆ ಜಾಗ ಬಿಟ್ಟು ಬೇರೆ ಕಡೆ ಹಾಕಿ. ತೂತಿನ ಒಳಗಿನ ಪುಡಿ ಪೂರ್ತಿ ಊದಿ ತೆಗೀರಿ, ಪುಡಿ ಉಳಿದ್ರೆ ಪ್ಲಗ್ (ಸ್ಕ್ರೂ ಹಿಡಿಯೋಕೆ ತೂತೊಳಗೆ ಹಾಕೋ ಪ್ಲಾಸ್ಟಿಕ್ ಕೊಳವೆ) ಹಿಡಿಯಲ್ಲ. ತೂತಿಗೆ ಒಂದು ಚೂರು ಸಿಲಿಕಾನ್ ಬಿಟ್ಟು ಪ್ಲಗ್ ಹಾಕಿದ್ರೆ ನೀರು ಒಳಗೆ ಹೋಗಲ್ಲ, ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿಂದೇ ಇರ್ಲಿ. ಮುಗಿದ ಮೇಲೆ ನೀವು ಹಿಡ್ಕೊಂಡು ಪೂರ್ತಿ ಜೋತು ನೋಡಿ, ಅಲುಗಾಡಿದ್ರೆ ಅಪ್ಪಂಗೆ ಕೊಡ್ಬೇಡಿ. ಇನ್ನೊಂದು, ನಲ್ಲಿ ಮತ್ತೆ ಶವರ್‌ನ ನೇರ ಮೇಲೆ ಕೆಳಗೆ ಪೈಪ್ ಇರುತ್ತೆ, ಸ್ವಿಚ್ ಬೋರ್ಡ್‌ನ ನೇರ ಮೇಲೆ ಕೆಳಗೆ ಮತ್ತೆ ಪಕ್ಕದ ಸಾಲಲ್ಲಿ ವೈರ್ ಇರುತ್ತೆ, ಅಲ್ಲೆಲ್ಲೂ ಡ್ರಿಲ್ ಇಡ್ಬೇಡಿ.

ಬೆಳಕೂ ಹಾಗೇ. 60 ದಾಟಿದವರ ಕಣ್ಣಿನ ಒಳಗೆ 20ರ ವಯಸ್ಸಿನವರಿಗೆ ಹೋಗೋದ್ರ ಸುಮಾರು ಮೂರನೇ ಒಂದು ಭಾಗ ಬೆಳಕು ಮಾತ್ರ ಹೋಗುತ್ತೆ, ನಮಗೆ ಸಾಕು ಅನ್ಸೋ ಲೈಟು ಅವರಿಗೆ ಮಬ್ಬು. ಮೆಟ್ಟಿಲು, ಅಡುಗೆ ಕಟ್ಟೆ, ಬಾತ್‌ರೂಮ್‌ಗೆ ಹೋಗೋ ದಾರಿ ಇಲ್ಲಿ ಬಲ್ಬ್ ಬದಲಾಯಿಸಿ, ಕೆಲಸ ಮಾಡೋ ಕಡೆ 4000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಕಮ್ಮಿ ಇದ್ದಷ್ಟೂ ಹಳದಿ), ಮಲಗೋ ರೂಮ್‌ಗೆ 2700ರಿಂದ 3000. ತೊಟ್ಟಿಕ್ಕೋ ನಲ್ಲಿಗೆ ವಾಶರ್ ಹಾಕೋದು, ನೆಲಕ್ಕೆ ಉಜ್ಜೋ ಬಾಗಿಲಿಗೆ ಮೊದಲು ಹಿಂಜ್ ಸ್ಕ್ರೂ ಬಿಗಿ ಮಾಡಿ ನೋಡೋದು (ಮಳೆಗಾಲದಲ್ಲಿ ಮರ ಉಬ್ಬಿರುತ್ತೆ, ಆಗ ತೋಪಡ ಹೊಡೆದ್ರೆ ಬೇಸಿಗೇಲಿ ಸಂದಿ ಬಿಡುತ್ತೆ), ಟೈಲ್ಸ್ ಸಂದಿನ ಹಳೇ ಗ್ರೌಟ್ ಕೆರೆದು ಹೊಸದು ತುಂಬೋದು, ಇವೆಲ್ಲ ಧೈರ್ಯವಾಗಿ ನೀವೇ ಮಾಡಿ. ಗೋಡೆ ನೆಲ ಸೇರೋ ಮೂಲೇಲಿ ಮಾತ್ರ ಗ್ರೌಟ್ ಬೇಡ ಸಿಲಿಕಾನ್ ಹಾಕಿ, ಅಲ್ಲಿ ಕಟ್ಟಡ ಸ್ವಲ್ಪ ಅಲುಗುತ್ತೆ, ಗ್ರೌಟ್ ಬಿರುಕು ಬಿಡುತ್ತೆ. ಬಾತ್‌ರೂಮ್ ತೊಳೆಯೋಕೆ ಆಸಿಡ್ ಹಾಕೋ ಅಭ್ಯಾಸ ಇದ್ರೆ ಇವತ್ತೇ ನಿಲ್ಸಿ, ಗ್ರೌಟ್ ತಿಂದುಹಾಕೋದೇ ಅದು, ಬ್ಲೀಚ್ ಜೊತೆ ಸೇರಿದ್ರಂತೂ ಕ್ಲೋರಿನ್ ಗ್ಯಾಸ್ ಬರುತ್ತೆ.

ಕೈ ಹಾಕ್ಬಾರ್ದು ಅನ್ನೋದನ್ನೂ ಹೇಳ್ಬಿಡ್ತೀನಿ. ಹೊಸ ವೈರಿಂಗ್, ಮೇನ್ ಬೋರ್ಡ್, ಗ್ಯಾಸ್ ಲೈನ್ ಗೊತ್ತಿರೋರು ಮಾಡ್ಲಿ. ಎಲೆಕ್ಟ್ರಿಷಿಯನ್ ಕರೆಸಿದಾಗ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇದ್ಯಾ ಕೇಳಿ, ಇಲ್ಲಾಂದ್ರೆ ಹಾಕ್ಸಿ. ಎಂಸಿಬಿ ವೈರ್ ಸುಡೋದನ್ನ ತಡೆಯುತ್ತೆ, ಮನುಷ್ಯನಿಗೆ ಶಾಕ್ ಹೊಡೆದಾಗ ಕರೆಂಟ್ ಕಟ್ ಮಾಡೋದು ಆರ್‌ಸಿಸಿಬಿ, ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡ್ತಿರಿ. ಗೋಡೆ ಒಡೆದು ಹಾಲ್ ದೊಡ್ಡದು ಮಾಡೋಣ ಅಂತ ತಮ್ಮ ಹೇಳ್ತಿದಾನೆ ಅಂದ್ರಲ್ಲ, ಪಿಲ್ಲರ್ ಇಲ್ಲದ ಹಳೇ ಮನೇಲಿ ಗೋಡೆಗಳೇ ಚಾವಣಿ ಹೊತ್ತಿರ್ತವೆ, ಸ್ಟ್ರಕ್ಚರಲ್ ಇಂಜಿನಿಯರ್ ನೋಡದೆ ಒಂದು ಇಟ್ಟಿಗೆನೂ ತೆಗೀಬೇಡಿ. ಹಳೇ ಎನಾಮಲ್ ಪೇಂಟನ್ನ ಒಣಗಿದ್ದ ಹಾಗೇ ಉಜ್ಜಬೇಡಿ, ಸೀಸ ಇರ್ಬಹುದು. ಅಮೆರಿಕದಲ್ಲಿ 1978ರಲ್ಲೇ ಮನೆ ಪೇಂಟಿನಲ್ಲಿ ಸೀಸ ನಿಷೇಧ ಮಾಡಿದ್ರು, ಭಾರತದಲ್ಲಿ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮಿತಿ ಜಾರಿಗೆ ಬಂದಿದ್ದು 2017ರಲ್ಲಿ, ಅದಕ್ಕೆ ಮುಂಚಿನ ಬಾಗಿಲು ಕಿಟಕಿ ಬಣ್ಣ ಎಲ್ಲಾ ಅನುಮಾನವೇ. ನೀರು ಹಾಕಿ ಒದ್ದೆ ಮಾಡ್ಕೊಂಡು ಉಜ್ಜಿ, ಎನ್95 ಮಾಸ್ಕ್ ಹಾಕ್ಕೊಳ್ಳಿ, ಮಕ್ಕಳನ್ನ ದೂರ ಇಡಿ. ಆಸ್ಬೆಸ್ಟಾಸ್ ಶೀಟ್ ಇದ್ರೆ ಅದನ್ನ ಕೊಯ್ಯೋದು ಕೊರೆಯೋದು ಬೇಡ.

ಗೋಡೆ ಒಣಗಿದ ಮೇಲೆ ಪ್ಲಾಸ್ಟಿಕ್ ಶೀಟ್ ಪರೀಕ್ಷೆ ಇನ್ನೊಂದ್ಸಲ ಮಾಡಿ, ಹನಿ ಇಲ್ಲ ಅಂದ್ರೆ ಪೇಂಟ್ ಕೆಲಸ. ಇಲ್ಲಿ ಮುಕ್ಕಾಲು ಪಾಲು ಶ್ರಮ ಪೇಂಟ್ ಡಬ್ಬಿ ತೆಗೆಯೋಕೆ ಮುಂಚೆ ಇರೋದು. ಪುಟ್ಟಿ ತೆಳ್ಳಗೆ ಎರಡು ಕೋಟ್, ದಪ್ಪಗೆ ಒಂದೇ ಸಲ ಬಳಿದ್ರೆ ಬಿರಿಯುತ್ತೆ. ಒಣಗಿದ ಮೇಲೆ ರೂಮ್ ಲೈಟ್ ಆರಿಸಿ ಟಾರ್ಚನ್ನ ಗೋಡೆಗೆ ಒರಗಿಸಿ ಹಿಡಿದು ಬೆಳಕು ಗೋಡೆ ಮೇಲೆ ಹರಿಯೋ ಹಾಗೆ ಬಿಡಿ, ಹಗಲು ಹೊತ್ತು ಕಾಣದ ಉಬ್ಬು ತಗ್ಗು, ಕರಣೆ ಗೆರೆ ಎಲ್ಲಾ ನೆರಳು ಬಿದ್ದು ಎದ್ದು ಕಾಣುತ್ತೆ, ಅಲ್ಲೇ ಪೆನ್ಸಿಲ್ ಸುತ್ತು ಹಾಕಿ 180 ನಂಬರ್ ಸ್ಯಾಂಡ್‌ಪೇಪರ್, ಆಮೇಲೆ 220. ಧೂಳು ಒರೆಸಿ ಪ್ರೈಮರ್, ಆಮೇಲೆ ಎರಡು ಕೋಟ್ ಪೇಂಟ್, ನೀರಿನ ಪೇಂಟ್‌ಗೆ ಮಧ್ಯೆ ಸಾಮಾನ್ಯವಾಗಿ ನಾಲ್ಕು ಗಂಟೆ ಅಂತರ, ಡಬ್ಬಿ ಮೇಲೆ ಬೇರೆ ಬರೆದಿದ್ರೆ ಅದೇ ಪಾಲಿಸಿ. ಒಂದು ಗೋಡೆ ಶುರು ಮಾಡಿದ್ರೆ ಮೂಲೆಯಿಂದ ಮೂಲೆವರೆಗೆ ನಿಲ್ಲಿಸ್ದೆ ಮುಗಿಸಿ, ಅಂಚು ಒಣಗೋಕೆ ಬಿಟ್ಟು ಊಟಕ್ಕೆ ಹೋಗಿ ಬಂದು ಮುಂದುವರಿಸಿದ್ರೆ ಆ ಗೆರೆ ಯಾವತ್ತೂ ಹೋಗಲ್ಲ. ಇಬ್ಬರಿದೀರಲ್ಲ, ಒಬ್ಬರು ಬ್ರಷ್‌ನಲ್ಲಿ ಅಂಚು, ಇನ್ನೊಬ್ಬರು ಹಿಂದೆನೇ ರೋಲರ್.

ಪ್ಯಾನೆಲ್ ಮೇಲೆ ಅಮ್ಮಂಗೆ ಆಸೆ ಇದೆ ಅಂದ್ರಲ್ಲ, ಅದಕ್ಕೂ ದಾರಿ ಇದೆ. ಎರಡೂ ಕಡೆ ರೂಮ್ ಇರೋ, ಪೈಪ್ ಹೋಗದ ಒಣ ಒಳಗೋಡೆ ಆರಿಸಿ ಅಲ್ಲಿ ಹಾಕಿ, ಗೋಡೆಗೆ ನೇರ ಅಂಟಿಸ್ದೆ ಪಟ್ಟಿ ಹೊಡೆದು ಹಿಂದೆ ಗಾಳಿ ಆಡೋಷ್ಟು ಸಂದಿ ಬಿಡಿ, ಕೆಳಗಿನ ಒಂದು ಪ್ಯಾನೆಲ್ ಸ್ಕ್ರೂ ಬಿಚ್ಚಿ ತೆಗೆಯೋ ಹಾಗೆ ಇಟ್ಕೊಂಡ್ರೆ ವರ್ಷಕ್ಕೊಂದ್ಸಲ ಹಿಂದೆ ಏನಾಗಿದೆ ಅಂತ ನೋಡ್ಬಹುದು.