ಪ್ರತಿಕ್ರಿಯೆ: ಹುರಿದ ಮಿಡತೆ ಮೆತ್ತಗಾಯ್ತು, ಗೆಳೆಯರು ಮುಟ್ಟಲೇ ಇಲ್ಲ

ಹುರಿದ ಮಿಡತೆ ಮೆತ್ತಗಾಯ್ತು, ತಿಂದಾಗ ಗಂಟಲಿಗೆ ಚುಚ್ಚಿತು, ಗೆಳೆಯರು ಮುಟ್ಟಲೇ ಇಲ್ಲ ಅಂತ ಬರೆದಿದ್ದೀರಿ. ಮೆತ್ತಗಾಗಿದ್ದು ಬಹುಶಃ ಒಳಗಿನ ನೀರಿನಿಂದ. ಫ್ರೀಜರಿನಿಂದ ತೆಗೆದು ನೇರವಾಗಿ ಎಣ್ಣೆಗೆ ಹಾಕಿದೆ ಅಂದಿದ್ದೀರಲ್ಲ, ಹಾಗೆ ಮಾಡಿದರೆ ಹೊರಗೆ ಕಂದು, ಒಳಗೆ ಪಿಚಿಪಿಚಿ. ಗೆಳೆಯರು ಹಿಂದೆ ಸರಿದಿದ್ದು ರುಚಿಗಲ್ಲ, ತಟ್ಟೆಯಿಂದ ಕಣ್ಣು ಬಿಟ್ಟು ನೋಡುತ್ತಿದ್ದ ಮಿಡತೆಯ ಮುಖಕ್ಕೆ.

ಮುಂದಿನ ಸಲ ಮೊದಲು ಐದು ನಿಮಿಷ ಕುದಿಸಿ, ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಒರೆಸಿ. ಆಮೇಲೆ ರೆಕ್ಕೆ, ಹಿಂಗಾಲು ಕಿತ್ತುಬಿಡಿ. ಬೇಜಾರಿನ ಕೆಲಸ, ಆದರೆ ಬಿಡಬೇಡಿ, ಆ ಕಾಲಲ್ಲಿ ಗರಗಸದಂಥ ಮುಳ್ಳಿರುತ್ತದೆ, ನಿಮ್ಮ ಗಂಟಲಿಗೆ ಚುಚ್ಚಿದ್ದು ಅದೇ ಇರಬೇಕು. ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಹುರಿಯಿರಿ. ಒಂದನ್ನು ತಣ್ಣಗಾಗಲು ಬಿಟ್ಟು ಬೆರಳಲ್ಲಿ ಒತ್ತಿದರೆ ಟಕ್ಕನೆ ಪುಡಿಯಾಗಬೇಕು, ಬಾಗಿದರೆ ಇನ್ನೂ ಹುರಿಯಬೇಕು. ಉಪ್ಪು, ಖಾರ ಕೊನೆಯಲ್ಲಿ.

ಗೆಳೆಯರಿಗೆ ಇಡಿಯಾಗಿ ಕೊಡಬೇಡಿ. ಪುಡಿ ಮಾಡಿ ಬಿಸ್ಕತ್ತಿನ ಹಿಟ್ಟಿಗೆ ಬೆರೆಸಿ, ಹತ್ತು ಚಮಚ ಹಿಟ್ಟಿಗೆ ಒಂದು ಚಮಚ ಪುಡಿ ಸಾಕು, ಜಾಸ್ತಿಯಾದರೆ ಮಣ್ಣಿನ ವಾಸನೆ ಬರುತ್ತದೆ. ಆದರೆ ಹೇಳದೆ ತಿನ್ನಿಸಬೇಡಿ. ತಮಾಷೆ ಅನ್ನಿಸಬಹುದು, ಆದರೆ ಸಿಗಡಿ, ಏಡಿ ಆಗದವರಿಗೆ ಕೀಟವೂ ಅಲರ್ಜಿ ಮಾಡಬಹುದು, ಎರಡರಲ್ಲೂ ಟ್ರೋಪೋಮಯೋಸಿನ್ ಅನ್ನೋ ಪ್ರೋಟೀನು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಅದು ಕುದಿಸಿದರೂ ಹುರಿದರೂ ಪೂರ್ತಿ ಹೋಗಲ್ಲ. ನಿಮ್ಮ ಗಂಟಲು ಚುಚ್ಚುವುದರ ಜೊತೆ ತುರಿಸಿತ್ತು, ತುಟಿ ಊದಿತ್ತು ಅಂದರೆ ಮಾತ್ರ ಮತ್ತೆ ತಿನ್ನಬೇಡಿ, ಮೊದಲು ಡಾಕ್ಟರಿಗೆ ತೋರಿಸಿ.

ಹೊಲದಲ್ಲಿ ಹಿಡಿದದ್ದಾದರೆ ಬೇಡವೇ ಬೇಡ, ಕೀಟನಾಶಕ ಬಿದ್ದಿರಬಹುದು. ತಿನ್ನಲೆಂದೇ ಸಾಕಿದ್ದನ್ನೇ ತನ್ನಿ.