ಕರ್ನಲ್‌ಗೆ ಹಾರ್ಡ್‌ವೇರ್ ಟೈಮರನ್ನು ವಿವರಿಸುವುದು ಹೇಗೆ?

ಎಂಬೆಡೆಡ್ ಕರ್ನಲ್ (ಉಪಕರಣದೊಳಗಿನ ಚಿಕ್ಕ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಬರೆಯುವಾಗ ಟೈಮರಿನ ಯಾವ ವಿವರಗಳನ್ನು ದಾಖಲಿಸಬೇಕು ಎಂದು ಕೇಳಿದ್ದೀರಿ. ಮೊದಲಿಗೆ ಎಣಿಕೆಯ ವೇಗ, ಬಿಟ್‌ಗಳ ಸಂಖ್ಯೆ, ಎಣಿಕೆ ಏರುತ್ತದೆಯೋ ಇಳಿಯುತ್ತದೆಯೋ ಎಂಬುದು.

ಉದಾಹರಣೆಗೆ, ಕಾರ್ಟೆಕ್ಸ್-ಎಂ ಚಿಪ್‌ಗಳಲ್ಲೇ ಇರುವ ಸಿಸ್‌ಟಿಕ್ ಎಂಬ ಟೈಮರ್ 24 ಬಿಟ್‌ನದು, ಇಳಿಯುತ್ತಾ ಎಣಿಸುತ್ತದೆ. 16 ಮೆಗಾಹರ್ಟ್ಸ್ ಗಡಿಯಾರದಲ್ಲಿ ಮಿಲಿಸೆಕೆಂಡಿಗೊಂದು ಟಿಕ್ ಬೇಕಾದರೆ ರೀಲೋಡ್ ಮೌಲ್ಯ (ಸೊನ್ನೆ ಮುಟ್ಟಿದ ಮೇಲೆ ಎಣಿಕೆ ಮತ್ತೆ ಶುರುವಾಗುವ ಸಂಖ್ಯೆ) 15999. ಸೊನ್ನೆಯೂ ಒಂದು ಎಣಿಕೆಯಾದ್ದರಿಂದ 16000 ಅಲ್ಲ. ಇದೇ ಗಡಿಯಾರದಲ್ಲಿ 24 ಬಿಟ್‌ಗಳನ್ನೂ ಪೂರ್ತಿ ಬಳಸಿದರೂ ಒಂದು ಸುತ್ತಿನಲ್ಲಿ ಸಿಸ್‌ಟಿಕ್ ಅಳೆಯಬಲ್ಲದ್ದು ಸುಮಾರು 1.05 ಸೆಕೆಂಡ್ ಮಾತ್ರ.

ಹೆಚ್ಚಿನವರು ಎಡವುವುದು ಎಣಿಕೆ ಸುತ್ತು ಮುಗಿಸುವಲ್ಲಿ. 1 ಮೆಗಾಹರ್ಟ್ಸ್‌ನಲ್ಲಿ ಏರುವ 32 ಬಿಟ್ ಎಣಿಕೆ ಸುಮಾರು 71 ನಿಮಿಷಕ್ಕೆ ಸೊನ್ನೆಗೆ ಮರಳುತ್ತದೆ. ಆದ್ದರಿಂದ ದಯವಿಟ್ಟು ‘ಈಗ > ಗಡುವು’ ಎಂದು ನೇರವಾಗಿ ಹೋಲಿಸಬೇಡಿ. ಈಗಿನ ಎಣಿಕೆಯಿಂದ ಆರಂಭದ್ದನ್ನು ಚಿಹ್ನೆಯಿಲ್ಲದ ಪೂರ್ಣಾಂಕಗಳಾಗಿ ಕಳೆಯಿರಿ, ಬಂದದ್ದನ್ನು ಬೇಕಾದ ಅವಧಿಯೊಡನೆ ಹೋಲಿಸಿ.