ಓದುಗರ ಪ್ರಶ್ನೆ: ಮೈಸೂರು ಮೃಗಾಲಯಕ್ಕೆ ಒಂದು ದಿನ

ಪ್ರಶ್ನೆ: ಹಾಸನದಿಂದ ಹೊರಟು, ಅರಮನೆ ನೋಡಿಕೊಂಡು, ಮಧ್ಯಾಹ್ನ 12ಕ್ಕೆ ಮೃಗಾಲಯ ತಲುಪಿದೆವು. ಹುಲಿ, ಸಿಂಹ ಎಲ್ಲವೂ ಮಲಗಿದ್ದವು. 6 ಮತ್ತು 9 ವರ್ಷದ ಮಕ್ಕಳು ಅರ್ಧದಾರಿಯಲ್ಲೇ ಸುಸ್ತಾಗಿ ಕೂತುಬಿಟ್ಟರು. ಇನ್ನೊಮ್ಮೆ ಹೋಗುವಾಗ ಹೇಗೆ ಹೋಗಬೇಕು?

ಉತ್ತರ: ಮೊದಲು ಮೃಗಾಲಯ, ಆಮೇಲೆ ಅರಮನೆ. ಅರಮನೆ ಮಧ್ಯಾಹ್ನವೂ ಅರಮನೆಯೇ, ಹುಲಿ ಹಾಗಲ್ಲ. ಹುಲಿ, ಚಿರತೆಗಳು ಓಡಾಡುವುದು ಬೆಳಗಿನ ತಂಪಿನಲ್ಲಿ, ಮತ್ತೆ ಸಂಜೆ 4ರ ಮೇಲೆ. ನಡುವೆ ನೆರಳು ಹುಡುಕಿಕೊಂಡು ಮಲಗುವುದು ಅವುಗಳ ಸಹಜ ದಿನಚರಿ. ಬಾಗಿಲು ತೆರೆಯುವುದು 8.30ಕ್ಕೆ, ಮುಚ್ಚುವುದು 5.30ಕ್ಕೆ. ಮಂಗಳವಾರ ರಜೆ. ದಸರಾ ಮತ್ತು ಬೇಸಿಗೆ ರಜೆಯಲ್ಲಿ ಕೆಲವು ಮಂಗಳವಾರ ತೆರೆದಿರುವುದೂ ಉಂಟು, ಮೃಗಾಲಯದ ಜಾಲತಾಣದಲ್ಲಿ ಖಚಿತಪಡಿಸಿಕೊಂಡು ಹೊರಡಿ. ಹಾಸನದಿಂದ ಸುಮಾರು 120 ಕಿ.ಮೀ. ಎಂದರೆ ಬೆಳಿಗ್ಗೆ 5.30ಕ್ಕಾದರೂ ಮನೆ ಬಿಡಬೇಕು. ಅದು ಕಷ್ಟವಾದರೆ ಹಿಂದಿನ ರಾತ್ರಿಯೇ ಬಂದು ಮೈಸೂರಿನಲ್ಲಿ ಉಳಿಯಿರಿ.

ಒಳಗಿನ ದಾರಿ ಸುಮಾರು 3 ಕಿ.ಮೀ. ನಿಂತು ನೋಡುತ್ತಾ ಹೋದರೆ ಮೂರೂವರೆ ಗಂಟೆ ಬೇಕು. ಮಕ್ಕಳು ಸೋಲುವುದು ದೂರಕ್ಕಿಂತ ಹೆಚ್ಚಾಗಿ ಮೊದಲ ಅರ್ಧ ಗಂಟೆಯ ಓಟದಿಂದ. ಪ್ರತಿ ಬೋನಿನ ಮುಂದೆ ಒಂದು ನಿಮಿಷ ನಿಂತು ಮುಂದಕ್ಕೆ ಓಡಿದರೆ ಏನೂ ನೋಡಿದಂತಾಗುವುದಿಲ್ಲ, ಕಾಲು ಮಾತ್ರ ನೋಯುತ್ತದೆ. ಏಳೆಂಟು ಪ್ರಾಣಿಗಳನ್ನು ಮನೆಯಲ್ಲೇ ಆರಿಸಿಕೊಂಡು, ಒಂದೊಂದರ ಮುಂದೆ ಹತ್ತು ನಿಮಿಷ ನಿಲ್ಲಿ. ನಡೆಯಲಾಗದ ಹಿರಿಯರಿದ್ದರೆ ಬ್ಯಾಟರಿ ವಾಹನದ ಟಿಕೆಟ್ ಮೊದಲೇ ತೆಗೆದುಕೊಳ್ಳಿ. ರಜೆಯ ದಿನ ತಡಮಾಡಿದರೆ ಸಾಲು ಉದ್ದವಾಗುತ್ತದೆ. ಪ್ಲಾಸ್ಟಿಕ್ ನಿಷೇಧ ಇರುವುದರಿಂದ ಸ್ಟೀಲ್ ಬಾಟಲಿಯಲ್ಲಿ ಒಬ್ಬರಿಗೆ ಒಂದು ಲೀಟರಿನಂತೆ ನೀರು ಇರಲಿ. ತಿಂಡಿ ಮುಗಿಸಿಕೊಂಡೇ ಒಳಗೆ ಹೋಗಿ.

ಜಿರಾಫೆಯ ಮುಂದೆ ಮಾತ್ರ ಅವಸರ ಬೇಡ. ಅದು ನಡೆಯುವಾಗ ಒಂದೇ ಕಡೆಯ ಮುಂಗಾಲು, ಹಿಂಗಾಲು ಹೆಚ್ಚುಕಡಿಮೆ ಒಟ್ಟಿಗೇ ಮುಂದೆ ಬರುತ್ತವೆ. ಮಕ್ಕಳಿಗೆ ತೋರಿಸಿ, ಆಮೇಲೆ ಅವರೇ ಹಾಗೆ ನಡೆದು ನೋಡುತ್ತಾರೆ. ಸುಮ್ಮನೆ ನಿಂತು ಮೆಲುಕು ಹಾಕುತ್ತಿದ್ದರೆ ಕತ್ತಿನ ಮೇಲೆ ಕಣ್ಣಿಡಿ: ಒಳಗಿನಿಂದ ಒಂದು ಉಂಡೆ ಸರಸರನೆ ಮೇಲೇರಿ ಬಾಯಿಗೆ ಬರುವುದು, ಅಗಿದ ಮೇಲೆ ಮತ್ತೆ ಕೆಳಗಿಳಿಯುವುದು ಹೊರಗಿನಿಂದಲೇ ಕಾಣುತ್ತದೆ. ನಮ್ಮ ಹಸು ಮಾಡುವುದೂ ಇದನ್ನೇ, ಆದರೆ ಆ ಗಿಡ್ಡ ಕತ್ತಿನಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ಪ್ರಶ್ನೆ: ನೀರಾನೆ ಕೊಳದಲ್ಲಿ ಬರೀ ನೀರು ಕಂಡಿತು. ಮೊಸಳೆಗಳು ಬಾಯಿ ತೆರೆದುಕೊಂಡು ಬೊಂಬೆಯಂತೆ ಬಿದ್ದಿದ್ದವು. ಜನ ಚಪ್ಪಾಳೆ ತಟ್ಟಿದರೂ ಅಲುಗಲಿಲ್ಲ. ಅವಕ್ಕೆ ಹುಷಾರಿರಲಿಲ್ಲವೇ?

ಉತ್ತರ: ಹುಷಾರಾಗಿಯೇ ಇರುತ್ತವೆ. ನೀರಾನೆಯ ಚರ್ಮ ಬಿಸಿಲಿಗೆ ಬೇಗ ಒಣಗುತ್ತದೆ, ಹಾಗಾಗಿ ಹಗಲೆಲ್ಲ ನೀರಿನಲ್ಲೇ ಇದ್ದು ರಾತ್ರಿ ಮೇಯುವುದು ಅದರ ರೂಢಿ. ಮುಳುಗಿದ್ದರೂ ಮೂರರಿಂದ ಐದು ನಿಮಿಷಕ್ಕೊಮ್ಮೆ ಉಸಿರಿಗೆ ಮೇಲೆ ಬರಲೇಬೇಕು. ಗಡಿಯಾರ ನೋಡಿಕೊಂಡು ಐದು ನಿಮಿಷ ನಿಲ್ಲಿ. ಮೊದಲು ಮೂಗಿನ ಹೊಳ್ಳೆ ತೆರೆದು ಉಸಿರು ಬಿಟ್ಟ ಸದ್ದು, ಆಮೇಲೆ ಕಣ್ಣು, ಕಿವಿ. ನೂರಕ್ಕೆ ತೊಂಬತ್ತು ಜನ ಎರಡನೇ ನಿಮಿಷಕ್ಕೇ ಹೊರಟುಬಿಡುತ್ತಾರೆ, ನಷ್ಟ ಅವರಿಗೇ. ಮೊಸಳೆ ಬಾಯಿ ತೆರೆದು ಮಲಗುವುದು ಮೈ ಬಿಸಿ ಇಳಿಸಿಕೊಳ್ಳಲು.

ಚಪ್ಪಾಳೆಯ ವಿಷಯ ಒತ್ತಿ ಹೇಳಬೇಕು. ಮೃಗಾಲಯದ ಪ್ರಾಣಿಗಳನ್ನು ಕೆಣಕುವುದು, ಗದ್ದಲ ಮಾಡಿ ತೊಂದರೆ ಕೊಡುವುದು, ತಿನ್ನಲು ಎಸೆಯುವುದು, ಕಸ ಹಾಕುವುದು ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38-ಜೆ ಕಲಮಿನ ಪ್ರಕಾರ ಅಪರಾಧ. ಎಸೆದ ಬಿಸ್ಕತ್ತಿನ ಜೊತೆ ಅದರ ಕವರ್ ಕೂಡ ಜಿಂಕೆಯ ಹೊಟ್ಟೆ ಸೇರುತ್ತದೆ, ಕರಗದೆ ಕರುಳಿಗೆ ಅಡ್ಡವಾಗಿ ಪ್ರಾಣವನ್ನೇ ತೆಗೆಯುತ್ತದೆ. ಪಕ್ಕದವರು ಹಾಗೆ ಮಾಡುತ್ತಿದ್ದರೆ ಸುಮ್ಮನಿರಬೇಡಿ, ಹತ್ತಿರದ ಸಿಬ್ಬಂದಿಗೆ ಹೇಳಿ.

ಪ್ರಶ್ನೆ: ಮೊಬೈಲಿನಲ್ಲಿ ತೆಗೆದ ಫೋಟೊಗಳಲ್ಲೆಲ್ಲ ಜಾಲರಿಯೇ ಕಾಣುತ್ತದೆ, ಪ್ರಾಣಿ ಮಸುಕು. ಏನು ಮಾಡಬೇಕು?

ಉತ್ತರ: ಕ್ಯಾಮೆರಾ ಹತ್ತಿರದ ತಂತಿಗೆ ಫೋಕಸ್ ಮಾಡುತ್ತಿದೆ. ಪರದೆಯ ಮೇಲೆ ಪ್ರಾಣಿಯ ಕಣ್ಣಿನ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು ಫೋಕಸನ್ನು ಅಲ್ಲೇ ಕಟ್ಟಿಹಾಕಿ. ಎರಡು ಪಟ್ಟು ಜೂಮ್ ಇಟ್ಟರೆ ತಂತಿ ಇನ್ನಷ್ಟು ಮಸುಕಾಗುತ್ತದೆ. ಬಿಸಿಲು ಬಿದ್ದ ಜಾಲರಿ ಬೆಳ್ಳಗೆ ಹೊಳೆಯುತ್ತದೆ, ಆದ್ದರಿಂದ ಜಾಲರಿ ನೆರಳಿನಲ್ಲಿದ್ದು ಪ್ರಾಣಿ ಬೆಳಕಿನಲ್ಲಿರುವ ಕಡೆಯಿಂದ ತೆಗೆಯಿರಿ. ಹಾವುಗಳ ಗಾಜಿನ ಮುಂದೆ ಫ್ಲ್ಯಾಶ್ ಆರಿಸಿ, ಲೆನ್ಸನ್ನು ಗಾಜಿಗೆ ಮೆಲ್ಲಗೆ ತಾಗಿಸಿ ಹಿಡಿದರೆ ನಿಮ್ಮ ಪ್ರತಿಬಿಂಬ ಬರುವುದಿಲ್ಲ. ಫೋಟೊಕ್ಕಾಗಿ ಕಂಬಿ ದಾಟುವುದು ಮಾತ್ರ ಖಂಡಿತ ಬೇಡ.

ಪ್ರಶ್ನೆ: ನನಗೆ ಪ್ರಾಣಿಗಳಿಗಿಂತ ಗಿಡಮರಗಳ ಮೇಲೆ ಹೆಚ್ಚು ಆಸೆ. ಮನೆಯವರ ಜೊತೆ ಹೋದರೆ ನನಗೇನು ಸಿಗುತ್ತದೆ?

ಉತ್ತರ: ಬೇಕಾದಷ್ಟು. ಚಾಮರಾಜೇಂದ್ರ ಒಡೆಯರ್ 1892ರಲ್ಲಿ ಸುಮಾರು 10 ಎಕರೆಯಲ್ಲಿ ಆರಂಭಿಸಿದ ಈ ಜಾಗವನ್ನು ತೋಟವಾಗಿ ರೂಪಿಸಿದವರಲ್ಲಿ ಜರ್ಮನಿಯ ಸಸ್ಯತಜ್ಞ ಕ್ರುಂಬಿಗಲ್ ಪ್ರಮುಖರು. ಮಧ್ಯಾಹ್ನ ಪ್ರಾಣಿಗಳು ಮಲಗಿದಾಗ ಮನೆಯವರನ್ನು ಬೆಂಚಿನ ಮೇಲೆ ಕೂರಿಸಿ ನೀವು ಮರ ನೋಡಿ. ಮಳೆಮರ ಇದ್ದರೆ ಗುರುತು ಸುಲಭ: ಕೊಡೆಯಂತೆ ಹರಡಿದ ನೆತ್ತಿ, ಗುಲಾಬಿ ಕುಚ್ಚಿನಂಥ ಹೂ, ಸಂಜೆಯಾದರೆ ಅಥವಾ ಮೋಡ ದಟ್ಟೈಸಿದರೆ ಮಡಚಿಕೊಳ್ಳುವ ಎಲೆ. ಪಕ್ಕದ ಕಾರಂಜಿ ಕೆರೆಯನ್ನು ಸಂಜೆಗೆ ಇಟ್ಟುಕೊಳ್ಳಿ. ಎರಡಕ್ಕೂ ಸೇರಿ ಒಂದೇ ಟಿಕೆಟ್ ಸಿಗುತ್ತದೆ. ಅಲ್ಲಿ ನಾವೇ ಒಳಗೆ ನಡೆದು ಹೋಗುವ ದೊಡ್ಡ ಪಕ್ಷಿಧಾಮವಿದೆ, ಚಿಟ್ಟೆ ಉದ್ಯಾನವಿದೆ.

ಇಷ್ಟಕ್ಕೆ ತೃಪ್ತಿಯಾಗದಿದ್ದರೆ ಇನ್ನೊಂದು ದಿನ ಲಾಲ್‌ಬಾಗ್‌ಗೆ ಮೀಸಲಿಡಿ. ಹೈದರಾಲಿ 1760ರಲ್ಲಿ ಶುರುಮಾಡಿದ ಆ ತೋಟ ಈಗ 240 ಎಕರೆ. ಒಂದು ಕಾಲಕ್ಕೆ ಅಲ್ಲೂ ಪ್ರಾಣಿಗಳ ಬೋನುಗಳಿದ್ದವು. ಇದೇ ಕ್ರುಂಬಿಗಲ್ 1908ರಿಂದ 1932ರವರೆಗೆ ಅದರ ಹೊಣೆ ಹೊತ್ತಿದ್ದರು. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಹೂ ಮುಗಿಯುತ್ತಿದ್ದಂತೆ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿ ನೆಡಿಸಿದವರೂ ಅವರೇ. ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಹೋಗಬೇಡಿ, ಆ ಜನಜಂಗುಳಿಯಲ್ಲಿ ಮರದ ಬುಡವೂ ಕಾಣುವುದಿಲ್ಲ.